ಹೊಸ್ತಿಲಿಲ್ಲದ ಹೋಟೆಲು

ನಮ್ಮ ದೊಡ್ಡಪ್ಪನಷ್ಟು ಹೋಟೆಲುಗಳನ್ನು ಬಲ್ಲವರು ಕೊಯಮತ್ತೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಎಲ್ಲವನ್ನೂ ಹೊರಗಿನಿಂದಲೇ! ನಮ್ಮ ಗಣಪತಿ ಬಡಾವಣೆಯ ಬಸ್‌ಸ್ಟಾಪಿನ ಪಕ್ಕ ಸೈಕಲ್ ಹಿಡಿದು ನಿಂತು, ಮೂಗು ಮೇಲೆತ್ತಿ, "ಇವತ್ತು ಸಾಂಬಾರಿಗೆ ಕೊತ್ತಮಲ್ಲಿ ಕಡಿಮೆ" ಎಂದು ತೀರ್ಪು ಕೊಡುತ್ತಿದ್ದರು. ಚಿಕ್ಕವನಾಗಿದ್ದ ನನ್ನನ್ನು ಒಳಗೆ ಕೂರಿಸಿ, ಕಿಟಕಿಯಿಂದಲೇ ಆರ್ಡರು ಮಾಡಿ, ತಾವು ಮಾತ್ರ ಬೀದಿಯಲ್ಲಿ. ಸರ್ವರು "ಉಳ್ಳ ವಾಂಗೊ ಸಾರ್" ಎಂದು ಒಳಗೆ ಕರೆದರೆ ಒಂದು ದಿನ "ಫ್ಯಾನ್ ಗಾಳಿ ನನಗಾಗಲ್ಲ", ಇನ್ನೊಂದು ದಿನ "ಸೈಕಲ್ ಕಾಯಬೇಕು". ಆ ಸೈಕಲ್ಲನ್ನು ಕದಿಯುವ ಕಳ್ಳ ಇನ್ನೂ ಹುಟ್ಟಿರಲಿಲ್ಲ! ಇದನ್ನು ಮನೆಯಲ್ಲಿ ಹೇಳದಿರಲಿ ಎಂದು ನನಗೊಂದು ವಡೆ ಹೆಚ್ಚಿಗೆ ಸಿಗುತ್ತಿತ್ತು. ದಿನವಿಡೀ ಮಗ್ಗದ ಸದ್ದು ಕೇಳಿ ಮನುಷ್ಯನಿಗೆ ಸ್ವಲ್ಪ ತಿಕ್ಕಲು ಹಿಡಿದಿದೆ ಎಂದುಕೊಂಡು ನಾನು ವಡೆ ತಿನ್ನುತ್ತಿದ್ದೆ.

ದೊಡ್ಡಮ್ಮ ಹೋಟೆಲಿಗೆ ಹೋಗದ ಕಾರಣವಾದರೋ ಮನೆಮಂದಿಗೆಲ್ಲ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪ ಅವಳಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುವುದಾಗಿ ಮಾತು ಕೊಟ್ಟಿದ್ದರಂತೆ. ಅಷ್ಟರಲ್ಲಿ ಅವರಿಗೆ ಟೈಫಾಯ್ಡ್. ದೊಡ್ಡಮ್ಮ ಕುಲದೇವತೆ ಚೌಡಮ್ಮನ ಮುಂದೆ ನಿಂತು, "ಇವರನ್ನ ಎಬ್ಬಿಸಿ ಕೂರಿಸು ತಾಯಿ, ಜನ್ಮದಲ್ಲಿ ಹೋಟೆಲಿನ ಹೊಸ್ತಿಲು ದಾಟಲ್ಲ" ಎಂದು ಹರಕೆ ಹೊತ್ತುಬಿಟ್ಟಳು. ದೊಡ್ಡಪ್ಪ ಎದ್ದು ಕೂತರು. ಕೂತವರೇ ಜಗಳಕ್ಕೆ ಶುರು!

"ಬಿಡೋದಕ್ಕೆ ಬೇರೆ ಏನೂ ಸಿಗಲಿಲ್ವಾ? ಹಾಗಲಕಾಯಿ ಬಿಡ್ತೀನಿ ಅನ್ನಬಾರದಾ?"

"ಬೇಡದ್ದನ್ನ ಬಿಟ್ಟು ಕೈ ಮುಗಿದ್ರೆ ಒಪ್ಪೋದಕ್ಕೆ ಚೌಡಮ್ಮ ಏನು ಏಮಾಳಿನಾ?" ಸುಲಭವಾಗಿ ಮೋಸಹೋಗುವ ಪೆದ್ದರಿಗೆ ನಮ್ಮ ಮನೆಯಲ್ಲಿ ತಮಿಳಿನ ಆ ಮಾತೇ ಬಳಕೆ.

ನನಗೆ ಮೀಸೆ ಬಂದರೂ ಈ ಜಗಳ ಮುಗಿಯಲಿಲ್ಲ. ಪಾರ್ಸಲ್ ತಂದರೆ ದೋಸೆ ಮನೆ ಮುಟ್ಟುವಷ್ಟರಲ್ಲಿ ಒದ್ದೆ ಟವಲ್ಲು. ದೊಡ್ಡಪ್ಪನಿಗೆ ಬೇಕಿದ್ದುದು ಇಷ್ಟೇ: ಹೆಂಡತಿಯ ಪಕ್ಕ ಕೂತು ಒಂದು ಸಲ, ಒಂದೇ ಒಂದು ಸಲ, ಹೋಟೆಲಿನ ಬಿಸಿ ತಿಂಡಿ ತಿನ್ನಬೇಕು.

ನಾನು ಪೀಳಮೇಡಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಆ ಕಡೆಯೇ ಒಂದು ಡ್ರೈವ್-ಇನ್ ಹೋಟೆಲು ಶುರುವಾಯಿತು. ಗೋಡೆ ತುಂಬ ಹಳೇ ಕಾಲದ ಉದ್ದುದ್ದ ಅಮೆರಿಕನ್ ಕಾರುಗಳ ಚಿತ್ರ, ಬಣ್ಣಬಣ್ಣದ ಬಲ್ಬು. ಕಾರಿನಿಂದ ಇಳಿಯುವ ಕೆಲಸವೇ ಇಲ್ಲ, ಟ್ರೇಯನ್ನು ಕಿಟಕಿಗೇ ತಂದು ಸಿಕ್ಕಿಸುತ್ತಾರೆ. ಹಾಟ್ ಡಾಗ್ ಎಂಬ ಹೊಸ ತಿಂಡಿಯ ಸುದ್ದಿ ಕಾಲೇಜಿನ ತುಂಬ. ಮನೆಗೆ ಬಂದು ಇದನ್ನೆಲ್ಲ ವರ್ಣಿಸಿದೆ. ದೊಡ್ಡಪ್ಪನ ಮಗ್ಗ ತಟ್ಟನೆ ನಿಂತಿತು.

ಮರುದಿನವೇ ಸೈಕಲ್ ಏರಿ ತನಿಖೆಗೆ ಹೊರಟರು. ಗೇಟಿನ ಹತ್ತಿರ ಬಗ್ಗಿ, ನೆಲ ಸವರಿ, "ವಾಸಪ್ಪಡಿ ಎಂಗೆ?" ಎಂದು ವಾಚ್‌ಮನ್ನನನ್ನು ಕೇಳಿದರಂತೆ. ಹೊಸ್ತಿಲು ಎಲ್ಲಿದೆ ಅಂತ! "ಅದೆಲ್ಲಾಂ ಇಲ್ಲೀಂಗೊ" ಎಂದ ಆ ಪುಣ್ಯಾತ್ಮನ ಎರಡೂ ಕೈ ಹಿಡಿದು ಕುಲುಕಿ ಬಂದರು.

ದೊಡ್ಡಮ್ಮ ಅಷ್ಟಕ್ಕೆಲ್ಲ ಬಗ್ಗುವವಳೇ? "ಚೌಡಮ್ಮನ್ನ ಕೇಳದೆ ನಾನು ಬರಲ್ಲ." ಸರಿ, ಗುಡಿಯಲ್ಲಿ ಹೂ ಕೇಳಲು ಕೂತೆವು. ಅಮ್ಮನ ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಎಷ್ಟು ಹೊತ್ತಾದರೂ ಬೀಳಲೊಲ್ಲದು. ದೊಡ್ಡಪ್ಪ ವಕೀಲರಾದರು. "ತಾಯಿ, ನೀನೇ ಯೋಚನೆ ಮಾಡು. ಇವಳು ಹೇಳಿದ್ದು ಹೊಸ್ತಿಲು. ಅಲ್ಲಿ ಹೊಸ್ತಿಲೇ ಇಲ್ಲ, ನಾನೇ ಮುಟ್ಟಿ ನೋಡ್ಕೊಂಡು ಬಂದೆ. ಸೀಕ್ರ ಹೇಳಮ್ಮ, ಸಾಯಂಕಾಲ ಅಲ್ಲಿ ಕೂಟ ಜಾಸ್ತಿ ಆಗತ್ತೆ!" ಪೂಜಾರಪ್ಪ ನಗು ತಡೆಯಲಾರದೆ ಜೋರಾಗಿ ಗಂಟೆ ಬಾರಿಸಿದರು. ಹೂ ಬಿತ್ತು! ಬಲಗಡೆಯದೇ! ವಾದಕ್ಕೆ ಬಿತ್ತೋ ಗಂಟೆಯ ಅದುರಿಗೆ ಬಿತ್ತೋ, ನನ್ನನ್ನು ಕೇಳಬೇಡಿ.

ಇನ್ನು ಕಾರು. ದೊಡ್ಡಪ್ಪನ ಗೆಳೆಯರೊಬ್ಬರ ಪಂಪು ವರ್ಕ್‌ಶಾಪಿನಿಂದ ಒಂದು ಹಳೆಯ ಅಂಬಾಸಿಡರ್ ಸಿಕ್ಕಿತು. ಪಂಪು ಸಾಗಿಸಲೆಂದು ಹಿಂದಿನ ಸೀಟು ಕಿತ್ತಿದ್ದರು. ಅಲ್ಲಿ ಮಣೆ ಹಾಕಿಕೊಂಡು ರೇಷ್ಮೆ ಸೀರೆಯ ದೊಡ್ಡಮ್ಮ, ಇಸ್ತ್ರಿ ಶರಟಿನ ದೊಡ್ಡಪ್ಪ, ನಡುವೆ ಯಾರಿಗೋ ತಲುಪಬೇಕಾಗಿದ್ದ ಒಂದು ಪಂಪು. ಹೊಸ ಲೈಸನ್ಸಿನ ನಾನೇ ಡ್ರೈವರು. ಹೊಳೆಯುವ ಕಾರುಗಳ ನಡುವೆ ನಮ್ಮದು ಕೆಮ್ಮುತ್ತ ಹೋಗಿ ನಿಂತಿತು.

ಟ್ರೇ ಬಂತು. ಅದರ ಕೊಕ್ಕೆಯನ್ನು ಅರ್ಧ ಏರಿಸಿದ ಗಾಜಿಗೆ ಸಿಕ್ಕಿಸಬೇಕು. ನಮ್ಮ ಹಿಂದಿನ ಕಿಟಕಿಗೆ ಗಾಜೇ ಇಲ್ಲ! ಕೆಳಗಿಳಿದು ಬೆಂಚಿನ ಮೇಲೆ ಕೂರಿ ಎಂದ ಸರ್ವರು. ದೊಡ್ಡಪ್ಪನ ಮುಖ ಬಾಡಿತು. "ಕಾಲು ಕೆಳಗಿಡಲ್ಲ" ಎಂದಳು ದೊಡ್ಡಮ್ಮ. ಅಂದವಳೇ ಸೊಂಟದಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ನೂಲಿನ ಲಡಿ ತೆಗೆದು, ಹುರಿ ಮಾಡಿ, ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಿ ಟ್ರೇಯನ್ನು ಬಾಗಿಲಿಗೆ ಬಿಗಿದಳು. ಸರ್ವರು ಅಲ್ಲಾಡಿಸಿ ನೋಡಿದ. ಜಪ್ಪಯ್ಯ ಅಂದರೂ ಕದಲಲಿಲ್ಲ! ಪಕ್ಕದ ಕಾರಿನವರು ಚಪ್ಪಾಳೆ ತಟ್ಟಿದರು.

ದೊಡ್ಡಮ್ಮ ಹಾಟ್ ಡಾಗಿನ ಬನ್ನು ಬಿಡಿಸಿದಳು. ಒಳಗೆ ಉದ್ದಕ್ಕೆ ಹೊಸೆದು ಕರಿದ ತರಕಾರಿ ಕಟ್ಲೆಟ್ಟು. "ಇದು ನಮ್ಮನೆ ಆಲೂಗಡ್ಡೆ ಪಲ್ಯಾನೇ ಕಣೋ! ಹಾಸಿಗೆ ಹಾಸಿ ಮಲಗಿಸಿದಾರೆ." ತಿಂಡಿಯ ಹೆಸರಿನ ಅರ್ಥ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೊಡ್ಡಪ್ಪ ಎರಡೂ ಕೈಯಲ್ಲಿ ಹಿಡಿದು ಕಚ್ಚಿದರು. ಕಟ್ಲೆಟ್ಟು ಹಿಂದಿನಿಂದ ಜಾರಿ ಪಂಪಿನ ಮೇಲೆ, ಸಾಸು ಶರಟಿನ ಮೇಲೆ!

"ಇಷ್ಟು ವರ್ಷ ಹೋಟ್ಲಲ್ಲಿ ತಿಂದಿದೀರಿ, ಹಿಡ್ಕೊಳ್ಳೋದಕ್ಕೂ ಬರಲ್ವಾ?" ಎಂದು ನಕ್ಕಳು ದೊಡ್ಡಮ್ಮ.

"ನಾನೆಲ್ಲಿ ತಿಂದೆ?" ಬಾಯಲ್ಲಿ ಬನ್ನು ಇಟ್ಟುಕೊಂಡೇ ಅಂದುಬಿಟ್ಟರು. "ನೀನು ಬರದ ಕಡೆ ನಾನು ಹೆಂಗೆ ಕೂತು ತಿನ್ನೋದು? ಹೊರಗೇ ನಿಂತಿರ್ತಿದ್ದೆ."

ಫ್ಯಾನಿನ ಗಾಳಿ, ಸೈಕಲ್ಲಿನ ಕಾವಲು, ನನ್ನ ಹೆಚ್ಚುವರಿ ವಡೆ, ಎಲ್ಲದರ ಅರ್ಥ ನನಗೆ ಈಗ ಒಟ್ಟಿಗೆ ಹೊಳೆಯಿತು. ದೊಡ್ಡಮ್ಮ ರೇಷ್ಮೆ ಸೀರೆಯ ಸೆರಗಿನಿಂದಲೇ ಅವರ ಗದ್ದದ ಸಾಸು ಒರೆಸಿದಳು. ಆಮೇಲೆ ಆ ಗಾಜಿಲ್ಲದ ಕಿಟಕಿಯಿಂದ ತಲೆ ಹೊರಹಾಕಿ, ಇನ್ನೂ ಎರಡು ಬಿಸಿಯಾಗಿ ತನ್ನಿ, ನಮ್ಮ ಯಜಮಾನರು ಇವತ್ತೇ ಮೊದಲ ಸಲ ಹೋಟೆಲಿಗೆ ಬಂದಿದ್ದಾರೆ ಎಂದು, ಅಲ್ಲಿದ್ದ ಕಾರುಗಳಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಕೂಗಿದಳು.