ಸರಿ ಅಂದ್ರೂ ಸರಿಯಲ್ಲ

“ಸ್ವಲ್ಪ ಆಚೀಗೆ ಸರೀರಿ ಅಂತ ಆವಾಗಿಂದ ಹೇಳಾಕತ್ತೇನ್ರಿ.”

“ಇಲ್ಲಿ ಯಾವುದೂ ಸರಿ ಇಲ್ಲ ಅಂತ ನಾನೂ ಆವಾಗಿಂದ ಹೇಳ್ತಾ ಇದೀನಿ.”

ಇಬ್ಬರು ಮುದುಕರ ನಡುವೆ ಸಿದ್ದೇಶ್ ಚಾಪೆ ಹಿಡಿದು ನಿಂತಿದ್ದ. ವಿಜಯನಗರ ಮಾರ್ಕೆಟ್ಟಿನ ಹಿಂದಿನ ನಿರಾಶ್ರಿತರ ತಂಗುದಾಣಕ್ಕೆ ಅವನೇ ಮೇಲ್ವಿಚಾರಕ. ಮಂಚಗಳು ಯಾವತ್ತೋ ತುಂಬಿದ್ದವು. ಈಗ ಮಂಚಗಳ ನಡುವೆಯೂ ಜನ, ಬಾಗಿಲ ಬುಡದಲ್ಲೂ ಜನ. ಅಂಥ ಹೊತ್ತಿನಲ್ಲಿ ಬಂದಿಳಿದವರು ಗುರುಬಸಪ್ಪ, ಹಾವೇರಿ ಕಡೆಯ ಮದುವೆ ಅಡುಗೆಯವರು. ಕೆಲಸ ಕೊಡುತ್ತೇನೆಂದು ಕರೆಸಿಕೊಂಡ ಹೋಟೆಲು ಬಾಗಿಲು ಹಾಕಿತ್ತು. ಇಲ್ಲೂ ಜಾಗ ಸಿಗದಿದ್ದರೆ ಫುಟ್‌ಪಾತೇ ಗತಿ.

ಉಳಿದಿದ್ದದ್ದು ಗೋಡೆ ಬದಿಯಲ್ಲಿ ಇನ್ನೊಬ್ಬ ಮುದುಕರಾದ ಅಂಜಿನಯ್ಯನವರ ಹಾಸಿಗೆಯ ಪಕ್ಕವೊಂದೇ.

“ತಾತ, ಅವ್ರು ಸರಿ ಅಂತಿರೋದು ಜರುಗಿ ಅಂತ,” ಸಿದ್ದೇಶ್ ಬಿಡಿಸಿ ಹೇಳಿದ.

“ಗೊತ್ತಾಯ್ತು ಕಣಪ್ಪ. ಮೊನ್ನೆ ಒಬ್ರಿಗೆ ಜರುಗಿದೆ, ನಿನ್ನೆ ಇನ್ನೊಬ್ರಿಗೆ. ಇನ್ನೂ ಜರುಗಿದ್ರೆ ಗೋಡೆಗೆ ಅಂಟ್ಕೋಬೇಕು. ನಾನು ಸುಣ್ಣ ಹೊಡೀತಿದ್ದೋನು, ನಾನೇ ಸುಣ್ಣ ಅಲ್ಲ.”

“ಹಂಗಾರ ಗೋಡಿ ನಿಮಗೇನು ಹೊಸಾದೇನ್ರಿ?” ಎಂದರು ಗುರುಬಸಪ್ಪ.

ಅಂಜಿನಯ್ಯ ವರಸೆ ಬದಲಿಸಿ, ಗೊರಕೆ ಹೊಡೆಯುವ ಅಭ್ಯಾಸವಿದೆಯೇ ಎಂದು ವಿಚಾರಿಸಿದರು. ಮಲಗಿದ ಮೇಲೆ ತಮಗಂತೂ ಈವರೆಗೆ ಏನೂ ಕೇಳಿಸಿಲ್ಲ ಎಂದು ಉತ್ತರ ಬಂತು. ಅಕ್ಕಪಕ್ಕದವರು ಹೊದಿಕೆಯೊಳಗೇ ನಕ್ಕರು. ಸಿದ್ದೇಶನಿಗೆ ನಗು ಬರಲಿಲ್ಲ. ಈ ವಯಸ್ಸಿನವರನ್ನು ಬೀದಿಗೆ ಕಳಿಸುವುದು ಅವನ ಕೈಲಾಗದ ಮಾತು. ಕೊನೆಗೆ ತನ್ನ ಮಂಚವನ್ನೇ ಬಿಟ್ಟುಕೊಟ್ಟ. ಗುರುಬಸಪ್ಪ ಕಾಲು ಚಾಚಿದ್ದೇ ತಡ, ಗೊರಕೆಯ ಪ್ರಶ್ನೆಗೆ ಇಡೀ ಹಾಲಿಗೆ ಉತ್ತರ ಸಿಕ್ಕಿತು.

ದಿಂಬು ಹಿಡಿದುಕೊಂಡು ಸಿದ್ದೇಶ್ ಸುತ್ತ ನೋಡಿದ. ಈಗ ಮೇಲ್ವಿಚಾರಕನೇ ನಿರಾಶ್ರಿತ.

ಅಂಜಿನಯ್ಯ ಸದ್ದಿಲ್ಲದೆ ಗೋಡೆಯತ್ತ ಜರುಗಿದರು. ಒಬ್ಬ ಆಳು ಆರಾಮಾಗಿ ಮಲಗುವಷ್ಟು ಜಾಗ ತೆರವಾಯಿತು.

“ಇಷ್ಟು ಜಾಗ ಇಟ್ಕೊಂಡು ಇಷ್ಟೊತ್ತು ಯಾಕೆ ತಾತ ಜಗಳ ಆಡಿದ್ರಿ?”

“ನಾವು ಜರುಗ್ತಾನೇ ಇದ್ರೆ ನಿಮ್ಮ ಮೇಲಿನೋರು ಇನ್ನೊಂದು ಕಟ್ಟಡ ಯಾಕೆ ಕೊಡ್ತಾರೆ? ಜಾಗ ಇಲ್ಲ ಅನ್ನೋದು ನಿನ್ನ ಸೊಂಟಕ್ಕೂ ಒಂಚೂರು ಗೊತ್ತಾಗ್ಲಿ ಅಂತ.”

“ಮತ್ತೆ ಈಗ್ಯಾಕೆ ಜರುಗಿದ್ರಿ?”

“ಬೆಳಗ್ಗೆ ಆಫೀಸಿಗೆ ಹೋಗಿ ಕಟ್ಟಡ ಕೊಡಿ ಅಂತ ಕೂಗಾಡೋನು ನೀನು. ನಿದ್ದೆ ಕೆಟ್ರೆ ದನಿ ಏಳಲ್ಲ, ಮಲ್ಕೋ.”