ಗರಿಯ ನೊಣ, ಘಟ್ಟದ ಮೀನು

ತಿನ್ನದವನು ಹಿಡಿಯಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ತಿಳಿಯದು. ನಮ್ಮ ಓಣಿಯ ಪೇಢೆ ಅಂಗಡಿಯವರು ಸಿಹಿ ಮುಟ್ಟುವುದಿಲ್ಲ. ಸಂಗೀತದ ಮಾಸ್ತರರಿಗೆ ಮನೆಯಲ್ಲಿ ಯಾರಾದರೂ ಗುನುಗಿದರೂ ಆಗುವುದಿಲ್ಲ. ಅವರನ್ನು ಯಾರೂ ಏನೂ ಕೇಳಲಿಲ್ಲ. ಉಳ್ಳಾಗಡ್ಡಿಯನ್ನೂ ವಾರ ನೋಡಿ ತಿನ್ನುವ ಮನೆತನದ ನಾನು ಮೀನು ಹಿಡಿಯಲು ಹೊರಟೆ ಎಂದಾಗ ಮಾತ್ರ ಹುಬ್ಬಳ್ಳಿಗೆಲ್ಲ ಬಾಯಿ ಬಂತು.

ಇದಕ್ಕೆಲ್ಲ ಕಾರಣ ನಮ್ಮ ಸಾಹೇಬರು. ರೇಲ್ವೆ ಕಚೇರಿಯಲ್ಲಿ ನಾನು ಕಾರಕೂನ. ಸಾಹೇಬರು ಪೆನ್ಶನ್ ಪಡೆದು ವಿಲಾಯತಿಗೆ ಹೊರಟಾಗ ಹೆಡ್ ಕ್ಲರ್ಕರಿಗೆ ಗೋಡೆ ಗಡಿಯಾರ ಕೊಟ್ಟರು, ಶಿಪಾಯಿಗೆ ಉಣ್ಣೆಯ ಕೋಟು ಕೊಟ್ಟರು, ನನಗೆ ತಮ್ಮ ಪ್ರಾಣದಂತಿದ್ದ ಗಾಳದ ಕೋಲನ್ನು ಕೊಟ್ಟರು. ತಮ್ಮ ಮೀನಿನ ಕತೆಗಳನ್ನು ಆಕಳಿಸದೆ ಕೇಳಿದವನು ನಾನೊಬ್ಬನೇ ಅಂತೆ. ಅವರ ಇಂಗ್ಲಿಷಿನ ಬೆನ್ನು ಹತ್ತಿ ಓಡುವಷ್ಟರಲ್ಲಿ ನನಗೆ ಆಕಳಿಸಲು ಪುರಸತ್ತೇ ಇರುತ್ತಿರಲಿಲ್ಲ ಎಂಬುದನ್ನು ಪಾಪ ಅವರು ಬಲ್ಲರೇ?

ಕೋಲಿನ ಜೊತೆಗೆ ಒಂದು ತಗಡಿನ ಡಬ್ಬಿ. ಅದರಲ್ಲಿ ಹಕ್ಕಿಯ ಗರಿಯನ್ನು ಕೊಕ್ಕೆಗೆ ಕಟ್ಟಿ ಮಾಡಿದ ಹುಸಿ ನೊಣಗಳು. ಅವನ್ನು ನೀರಿನ ಮೇಲೆ ಹಗುರಾಗಿ ಇಳಿಸಿದರೆ ಮೀನು ನಿಜವೆಂದು ನಂಬಿ ಬಾಯಿ ಹಾಕಬೇಕು. ಸಾಹೇಬರ ದೇಶದ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಎಂಬ ಚುಕ್ಕೆ ಮೀನು ಇದೆಯಂತೆ. ನೀಲಗಿರಿಗೂ ತಂದು ಬಿಟ್ಟಿದ್ದಾರಂತೆ. ನಮ್ಮ ಘಟ್ಟದಲ್ಲಿ ಅದಿಲ್ಲ. ಇರುವ ಮೀನುಗಳ ಹೆಸರು ನನಗೆ ಗೊತ್ತಿಲ್ಲದ್ದರಿಂದ ಎಲ್ಲಕ್ಕೂ ಟ್ರೌಟ್ ಎಂದೇ ನಾಮಕರಣ ಮಾಡಿದೆ. ಯಾವ ಮೀನೂ ತಕರಾರು ಮಾಡಲಿಲ್ಲ.

ಎಸೆಯುವುದನ್ನು ಕಲಿಯಲು ಉಣಕಲ್ ಕೆರೆಗೆ ಹೋದೆ. ಮೊದಲ ಎಸೆತಕ್ಕೆ ನನ್ನ ರುಮಾಲೇ ಸಿಕ್ಕಿಬಿತ್ತು. ಎಮ್ಮೆ ತೊಳೆಯುತ್ತಿದ್ದವನೊಬ್ಬ, “ಏನ್ರಿ ರಾಯರ, ಕಚೇರ್ಯಾಗ ನೊಣಾ ಹೊಡದದ್ದು ಸಾಲಲಿಲ್ಲೇನು, ಇಲ್ಲಿಗೂ ತಂದೀರಿ?” ಎಂದ. ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲಿ ಆಕೆಯದು ಎತ್ತಿದ ಕೈ. ಅವ್ವ ಮಾತ್ರ ಕರೆದು ಕೂಡಿಸಿಕೊಂಡು, “ಹೋಗಬ್ಯಾಡ ಅಂದ್ರ ನೀ ಕೇಳಾಂವಲ್ಲ. ಸಣ್ಣ ಮರಿ ಬಂದ್ರ ಬಿಟ್ಟುಬಿಡಪಾ. ಅದರ ತಾಯಿ ಹುಡುಕ್ತಿರ್ತದ,” ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಆದರೆ ಬಂದ ಮೀನನ್ನು ಮುಟ್ಟುವವರು ಯಾರು? ನನ್ನಿಂದ ಆಗದ ಮಾತು. ಆಗ ನೆನಪಾದವರು ಹಳೇ ಹುಬ್ಬಳ್ಳಿಯಲ್ಲಿ ನನ್ನ ಕೋಟು ಹೊಲಿಯುವ ದರ್ಜಿ ಮಕ್ತುಮಸಾಬರು. ಅವರು ಮೀನು ತಿಂದವರು, ಹಿಡಿದವರಲ್ಲ. ನಮ್ಮಿಬ್ಬರನ್ನು ಕೂಡಿಸಿ ಹೊಲಿದರೆ ಅರ್ಧ ಮೀನುಗಾರನಾದರೂ ಆದಾನು ಎಂಬ ಲೆಕ್ಕ ನನ್ನದು. ವಿಷಯ ಕೇಳಿ ಅವರು ಸೂಜಿ ಕೆಳಗಿಟ್ಟರು. “ರವಿವಾರ ರಾತ್ರಿ ಮಗಳ ಮಾವನವರು ಮೊದಲನೇ ಸಲ ಊಟಕ್ಕ ಬರಾಕತ್ತಾರ್ರಿ. ಘಟ್ಟದ ಮೀನಾ ಉಣ್ಣಸ್ತೇನಿ ಅಂತ ಇವತ್ತ ಹೇಳಿ ಕಳಸ್ತೇನಿ.” ಮೀನು ಸಿಕ್ಕ ಮೇಲೆ ಹೇಳಿದರಾಯಿತು ಎಂದರೆ, “ಸಾಹೇಬ್ರ ಕೋಲ ಐತಿ, ಸಿಗದ ಎಲ್ಲಿ ಹೋಗತೈತಿ ಬಿಡ್ರಿ!” ಎಂದು ನನ್ನನ್ನೇ ಸಮಾಧಾನಪಡಿಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಿದ್ದರು, ದರ್ಜಿಯಲ್ಲವೇ.

ಶನಿವಾರ ಸಂಜೆಯ ಗಾಡಿ ಹಿಡಿದು ಲೋಂಡಾದ ಆಚೆ ಘಟ್ಟದ ಒಂದು ಪುಟ್ಟ ಸ್ಟೇಶನ್ನಿನಲ್ಲಿ ಮಲಗಿ, ಬೆಳಕು ಹರಿಯುತ್ತಲೇ ಹಳ್ಳಕ್ಕೆ ಇಳಿದೆವು. ಕಲ್ಲಿನಿಂದ ಕಲ್ಲಿಗೆ ಜಿಗಿಯುವ ತಿಳಿನೀರು. ಮೊಳಕಾಲಿನವರೆಗೆ ಧೋತರ ಎತ್ತಿ ಕಟ್ಟಿ ಅದರಲ್ಲಿ ನಿಂತಾಗ ಕಚೇರಿಯ ಫೈಲುಗಳೆಲ್ಲ ಕಾಲಿನಿಂದ ಇಳಿದು ಹರಿದುಹೋದಂತಾಯಿತು. ನಾನು ಅಷ್ಟು ಸುಖವಾಗಿ ಯಾವ ತೀರ್ಥಯಾತ್ರೆಯಲ್ಲೂ ಇರಲಿಲ್ಲ. ಸಾಹೇಬರ ನೊಣಗಳಲ್ಲಿ ಹೆಚ್ಚಿನವು ಗಿಡಗಳ ಪಾಲಾದವು. ಮಕ್ತುಮಸಾಬರು ಕಿಸೆಯಲ್ಲಿ ತಂದಿದ್ದ ತಮ್ಮ ಮನೆಯ ಹುಂಜದ ಗರಿಗೆ ಜರಿಯ ದಾರ ಸುತ್ತಿ ಹೊಸದು ಕಟ್ಟಿಕೊಟ್ಟರು. ಮೀನಿಗೂ ಮದುವೆಯ ಅರಿವೆಯ ಮೇಲೆ ಆಸೆಯಿರಬೇಕು, ಬರತೊಡಗಿತು.

ಬಂದವೆಲ್ಲ ಬೆರಳುದ್ದದವು. ಮಕ್ತುಮಸಾಬರು ಕೊಕ್ಕೆ ಬಿಡಿಸಿ ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡುವರು. ನಾನು ಅವ್ವನನ್ನು ನೆನೆದು, “ಮರಿ ಅದ, ಬಿಡ್ರಿ,” ಎನ್ನುವೆ. ಅವರು ಉಸ್ಸೆಂದು ನೀರಿಗೆ ಬಿಡುವರು. ಇನ್ನೊಂದು ಬರುವುದು. “ಬಿಡ್ರಿ.” ಮುಂಜಾವೆಲ್ಲ ಹೀಗೇ ನಡೆಯಿತು. ಕಡೆಕಡೆಗೆ ಅವರು ನನ್ನ ಮುಖ ನೋಡುವುದನ್ನೂ ಬಿಟ್ಟರು, ಮಾತು ಕಿವಿಗೆ ಬೀಳುತ್ತಲೇ ಕೈ ತಾನಾಗಿ ತೆರೆಯುತ್ತಿತ್ತು.

ಗಾಡಿಯ ಹೊತ್ತು ಸಮೀಪಿಸುತ್ತಿತ್ತು. ಮಕ್ತುಮಸಾಬರ ಮುಖ ಬಾಡಿತ್ತು. ಆಗ ಒಂದು ಮಡುವಿನಲ್ಲಿ ಕೋಲು ಬಿಲ್ಲಿನಂತೆ ಬಾಗಿತು. ನಾನು ಎಳೆದೆ, ಅದು ಎಳೆಯಿತು, ಒಮ್ಮೆ ನಾನೇ ಕುಳಿತುಬಿಟ್ಟೆ. ಕೊನೆಗೆ ಅವರು ಸೊಂಟದವರೆಗೆ ನೀರಿಗಿಳಿದು ಎರಡೂ ಕೈಯಿಂದ ಎತ್ತಿ ಕೊಕ್ಕೆ ಬಿಡಿಸಿದರು. ಮೊಳದುದ್ದದ, ಬೆಳ್ಳಿಯಂಥ ಮೀನು! ಬೀಗರಿಗೆ, ಬೀಗರ ಬೀಗರಿಗೆ ಸಾಕಾಗುವಂಥದ್ದು. ನನಗೆ ಹಿಗ್ಗು ತಡೆಯಲಾಗಲಿಲ್ಲ. ದಂಡೆಯಿಂದ ಕೂಗಿದೆ: “ಆಹಾ! ಮೀನು ಅಂದ್ರ ಇದು ಬಿಡ್ರಿ!”

ಅವರು ಬಿಟ್ಟರು.

“ನೀವ ಬಿಡು ಅಂದ್ರಿ,” ಎಂದರು ಅವರು, ತೆರೆದ ಕೈಗಳನ್ನೇ ನೋಡುತ್ತ.

“ಅಯ್ಯ, ನಾ ಮಾತಿಗೆ ಅಂದೆರಿ!”

“ಮಾತಿಗೆ ಅಂದ ಬಿಡ್ರಿ ಯಾವುದು, ಮೀನಿಗೆ ಅಂದ ಬಿಡ್ರಿ ಯಾವುದು, ನನ್ನ ಕೈಗೆ ಹ್ಯಾಂಗ ತಿಳೀಬೇಕ್ರಿ ರಾಯರ?”

ನಾನು ದಾರ ಸುತ್ತಿಕೊಂಡು ಕೋಲನ್ನು ಹೆಗಲಿಗೇರಿಸಿದೆ. ಗಾಡಿಯಲ್ಲಿ ಅವರು ಒಂದೇ ಮಾತು ಆಡಿದರು: “ಮನ್ಯಾಗ ಮಸಾಲಿ ಅರದಿಟ್ಟಾರ.” ಮೀನು ಕಳೆದುಕೊಂಡದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಒಬ್ಬ ಮನುಷ್ಯನ ಮರ್ಯಾದೆಯನ್ನು ಒಂದು ಉದ್ಗಾರದಲ್ಲಿ ನೀರಿಗೆ ಹಾಕಿದ್ದೆ.

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ಆಕೆ ನಗಲಿಲ್ಲ. “ನಿನ್ನ ಬಾಯಿಂದ ಒಂದು ಜೀವ ಉಳೀತು, ಛಲೋ ಆತು. ಅವರ ಮಾನ ಕಳೀಬಾರದಲ್ಲ. ಏಳವಾ, ಬದನಿಕಾಯಿ ತಗೀ,” ಎಂದು ಸೊಸೆಯನ್ನು ಕರೆದುಕೊಂಡು ಒಲೆ ಹೊತ್ತಿಸಿದಳು. ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಶಿರಾ. ಬೀಗರು ಕೂಡುವ ಮೊದಲೇ ಟಾಂಗಾದಲ್ಲಿ ಒಯ್ದು ಮುಟ್ಟಿಸಿದೆ. ಮೀನಿಗೆ ಅರೆದಿದ್ದ ಮಸಾಲೆಯಲ್ಲಿ ತತ್ತಿಯ ಸಾರು ಕುದಿಯುತ್ತಿತ್ತು. ಬೀಗರು ಎರಡನ್ನೂ ಬೆರಳು ನೆಕ್ಕಿ ಉಂಡರು. ಕೈಗೆ ಬಂದ ಮೀನನ್ನು ಬಿಟ್ಟ ಕತೆ ಕೇಳಿ, “ಇಂಥಾ ದಿಲ್‌ದಾರ ಮಂದಿ ಮನ್ಯಾಗಿಂದ ಸೊಸಿ ತಂದೇವಿ,” ಎಂದು ಹಿರಿಯ ಬೀಗರು ಮಕ್ತುಮಸಾಬರ ಬೆನ್ನು ತಟ್ಟಿದರು. ಮಕ್ತುಮಸಾಬರು ಮೀನಿನ ಉದ್ದವನ್ನು ಕೈಯಗಲಿಸಿ ತೋರಿಸಿದರು. ಅದು ಆಗಲೇ ಎರಡು ಮೊಳವಾಗಿತ್ತು. ನನಗೆ ನೆಮ್ಮದಿಯಾಯಿತು.

ಇದನ್ನೆಲ್ಲ ಮನೆಗೆ ಬಂದು ಹೆಂಡತಿಯ ಮುಂದೆ ವರ್ಣಿಸಿದೆ. ಮೀನನ್ನು ದಂಡೆಗೆ ತಂದ ಕೈಚಳಕ ನನ್ನದೆಂಬುದನ್ನು ಯಾರೂ ಎತ್ತಿ ಹೇಳದಿದ್ದರಿಂದ ನಾನೇ ಎತ್ತಿ ಹೇಳಿದೆ. ಕೋಲು ಬಾಗಿದ್ದು ಹೀಗೆ, ನಾನು ನಿಂತದ್ದು ಹೀಗೆ ಎಂದು ಪಡಸಾಲೆಯಲ್ಲಿ ಕೋಲು ಹಿಡಿದೇ ತೋರಿಸಿದೆ. ಸಂಜೆಯಿಂದ ರೊಟ್ಟಿ ತಟ್ಟಿ ದಣಿದಿದ್ದ ಆಕೆ ಕಡೆಯವರೆಗೂ ಕೇಳಿ ಎದ್ದಳು.

“ನೀವು ಭಾರೀ ಮೀನುಗಾರರು, ಬಿಡ್ರಿ.”

ಅದು ಮಾತಿಗೆ ಅಂದ ಬಿಡ್ರಿಯೋ, ಕೋಲಿಗೆ ಅಂದ ಬಿಡ್ರಿಯೋ ಕೇಳುವ ಧೈರ್ಯವಾಗಲಿಲ್ಲ. ಯಾವುದಕ್ಕೂ ಇರಲಿ ಎಂದು ಕೋಲನ್ನು ಮೆಲ್ಲಗೆ ಕೆಳಗೆ ಬಿಟ್ಟೆ.