ಲೂಯಿ ಚೆಂಡೆಸೆದ ಶನಿವಾರ

ಎಮಿಲ್ ಹ್ರುಷ್ಕನ ತಾಪತ್ರಯಕ್ಕೆಲ್ಲ ಕಾರಣ, ಅವನಿದ್ದ ಕ್ಲೀವ್‌ಲ್ಯಾಂಡಿನಲ್ಲಿ ದೊಡ್ಡದೊಂದು ಬೇಸ್‌ಬಾಲ್ ತಂಡ ಇದ್ದದ್ದು. ಶನಿವಾರ ಟೀವಿಯವರು ದೇಶಕ್ಕೆಲ್ಲ ತೋರಿಸುತ್ತಿದ್ದ ಪಂದ್ಯವನ್ನು ಅಂಥ ಊರುಗಳಿಗೆ ಮಾತ್ರ ತೋರಿಸುತ್ತಿರಲಿಲ್ಲ. ಮನೆಯಲ್ಲಿ ಪುಕ್ಕಟೆ ಸಿಕ್ಕರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬುದು ತಂಡದ ಮಾಲೀಕರ ಅಳಲು. ಎಮಿಲ್‌ನ ಮಗ ಲೂಯಿ ಆಡುತ್ತಿದ್ದದ್ದು ಬೇರೆ ಊರಿನ ತಂಡಕ್ಕೆ. ವರ್ಷವೆಲ್ಲ ಬೆಂಚಿನ ಮೇಲೆ ಕೂತು ಸವೆದ ಹುಡುಗ ಈ ಶನಿವಾರ ಬಾಸ್ಟನ್‌ನಲ್ಲಿ ಮೊದಲ ಸಲ ಚೆಂಡೆಸೆಯುವವನಿದ್ದ. ಹಳ್ಳಿಹಳ್ಳಿಯವರು ನೋಡಬಹುದಿತ್ತು, ಹೆತ್ತವರು ನೋಡುವಂತಿರಲಿಲ್ಲ.

"ಆಂಟೆನಾನ ಈರಿ ಕಡೆ ತಿರುಗಿಸು. ಸಣ್ಣೂರು, ಅಲ್ಲಿ ತೋರಿಸ್ತಾರೆ" ಅಂದ ಪಕ್ಕದ ಮನೆಯ ಕ್ಷೌರಿಕ ಡ್ಯೂಡೆಕ್.

ಎಮಿಲ್ ಏಣಿ ಹಾಕಿ ಮಾಡು ಹತ್ತಿದ. ಒಳಗೆ ಟೀವಿ ಮುಂದೆ ಕೂತ ಡ್ಯೂಡೆಕ್ ಕಿಟಕಿಯಿಂದ ಕೂಗಿದ: "ಬಂತು, ಬಂತು! ಅಯ್ಯೋ, ಹೋಯ್ತು. ಕೈ ಯಾಕಯ್ಯ ಬಿಟ್ಟೆ?"

ಎಮಿಲ್ ಕಂಬ ಹಿಡಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು.

"ಹಾಗೇ ಹಿಡ್ಕೊಂಡಿರಪ್ಪ!"

"ಮತ್ತೆ ನಾನು ಯಾವಾಗ ನೋಡೋದು?"

"ನಾವು ನೋಡಿ ಹೇಳ್ತೀವಲ್ಲ!"

ಸ್ವಲ್ಪ ಹೊತ್ತಿಗೆ ಇಡೀ ಬೀದಿಯೇ ಅವನ ಕೋಣೆಯಲ್ಲಿತ್ತು. ಟಾರು ಬಳಿದ ಮಾಡು ಕಾದ ಹೆಂಚಾಗಿತ್ತು. ಎಮಿಲ್ ಹೊಲದ ಬೆದರುಬೊಂಬೆಯ ಹಾಗೆ ನಿಂತಿದ್ದ. ಅವನ ಹೆಂಡತಿ ಬೊಜೆನಾ ಭಾನುವಾರಕ್ಕೆಂದು ಸುಟ್ಟಿದ್ದ ಗಸಗಸೆ ರೊಟ್ಟಿ ಕೆಳಗೆ ಖರ್ಚಾಗುತ್ತಿತ್ತು. ಮಾಡಿನವರೆಗೆ ಬಂದದ್ದು ವಾಸನೆ ಮಾತ್ರ.

ಪರದೆಯ ತುಂಬ ಹಿಮ ಸುರಿದಂತಿತ್ತು, ಮಾತೆಲ್ಲ ಗೊರಗೊರ. ಆದರೂ ಚೆಂಡೆಸೆಯುವವನ ಆಕಾರ ಕಂಡಿತು.

"ಎಡಗೈ! ನಮ್ಮ ಲೂಯಿನೇ!"

"ಬಡವಾಗಿದಾನೆ ಕಣೇ ಬೊಜೆನಾ" ಎಂದಳು ಎದುರುಮನೆಯ ವಿಧವೆ ಪಾವ್ಲಿಕ್. "ಹೋಟೆಲ್ ಊಟ, ಇನ್ನೇನಾಗತ್ತೆ?"

ಬೊಜೆನಾ ಅಳುತ್ತಲೇ ಕೂಗಿದಳು: "ರೀ, ಟೋಪಿ ಮುಟ್ಟಿ ನನ್ನೇ ನೋಡ್ದ ರೀ!"

ಎಮಿಲ್‌ಗೆ ತಡೆಯಲಾಗಲಿಲ್ಲ. ದಡಬಡನೆ ಇಳಿದು ಒಳಗೆ ಓಡಿದ. ಪರದೆಯ ಮೇಲೆ ಹಿಮ ಬಿಟ್ಟು ಬೇರೇನೂ ಇರಲಿಲ್ಲ.

"ತಲೆ ನೆಟ್ಟಗಿದೆಯೇನಯ್ಯ? ಇಂಥ ಹೊತ್ತಲ್ಲಾ ಇಳಿಯೋದು? ಹತ್ತು ಮೇಲೆ!"

ಹತ್ತಿದ. ಪಂದ್ಯ ಮುಗಿದಾಗ ಎಲ್ಲರೂ ಬೊಜೆನಾಳ ಬೆನ್ನು ತಟ್ಟಿ ಹೋದರು. ಎಮಿಲ್‌ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಸಂಜೆ ಫೋನು ಬಂತು. ಬೊಜೆನಾ ತಟ್ಟೆ ತೊಳೆಯುತ್ತಿದ್ದಳು, ಎಮಿಲ್ ಎತ್ತಿಕೊಂಡ.

"ಅಪ್ಪಾ, ಇಲ್ಲಿ ಬೆಳಗಿಂದ ಮಳೆ. ಆಟಾನೇ ಆಗ್ಲಿಲ್ಲ. ಟೀವಿಯವರು ಮಳೆ ಬಂದ್ರೆ ಇರ್ಲಿ ಅಂತ ಇಟ್ಕೊಂಡಿದ್ದ ಇನ್ನೊಂದು ಊರಿನ ಪಂದ್ಯ ತೋರಿಸಿದ್ರಂತೆ. ನಾಳೆಯಿಂದ ನನ್ನ ಮತ್ತೆ ಸಣ್ಣ ತಂಡಕ್ಕೆ ಕಳಿಸ್ತಿದಾರೆ. ಇದೊಂದೇ ದಿನ ಇತ್ತು. ಅಮ್ಮಂಗೆ ಹೇಗೆ ಹೇಳ್ಲಿ?"

"ನಾನು ಹೇಳ್ತೀನಿ. ನೀನು ಊಟ ಮಾಡು."

ಬೊಜೆನಾ ಕೈ ಒರೆಸಿಕೊಳ್ಳುತ್ತ ಓಡಿ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. "ಲೂಯಿನಾ? ನಾನು ಅತ್ತಿದ್ದು ಹೇಳಿದ್ರಾ?"

"ಹೇಳ್ದೆ."

"ಏನಂದ?"

"ಸರಿಯಾಗಿ ಊಟ ಮಾಡ್ತೀನಿ ಅಂದ."

ಅವಳ ಮುಖ ಅರಳಿತು. ಎಮಿಲ್ ಹೊರಗೆ ಬಂದು ಏಣಿ ತೆಗೆಯಲು ಕೈ ಹಾಕಿದ.

"ಅಲ್ಲೇ ಇರ್ಲಿ ಕಣೋ!" ಜಗಲಿಯಿಂದ ಡ್ಯೂಡೆಕ್ ಕೂಗಿದ. "ಮುಂದಿನ ಶನಿವಾರಾನೂ ನಮ್ಮ ಹುಡುಗನ್ನ ನೋಡ್ಬೇಕು. ಆದ್ರೆ ಈ ಸಲದ ಹಾಗೆ ಮಧ್ಯದಲ್ಲಿ ಇಳೀಬೇಡ."

ಅಡುಗೆಮನೆಯಲ್ಲಿ ಬೊಜೆನಾ ಹಾಡಿಕೊಳ್ಳುತ್ತಿದ್ದಳು. ಎಮಿಲ್ ಏಣಿಯನ್ನು ಮತ್ತೆ ಗೋಡೆಗೆ ಒರಗಿಸಿದ.